ಬಿಜ್ಜರಗಿಯೊಳಗ ಸಮುದ್ರದ ಪಂಚನಾಮೆ

ಮಹಾಯುದ್ಧದ ಕಾಲಕ್ಕ ನಾ ಸರಕಿನ ಹಡಗಿನ್ಯಾಗ ಒಲಿಗೆ ಕಲ್ಲಿದ್ದಲು ಹಾಕೂ ಕೆಲಸಕ್ಕಿದ್ದೆ. ಒಂದಿನ ಮಧ್ಯಾಹ್ನ ನಡು ಸಮುದ್ರದ ಮ್ಯಾಲ, ಹಿಟ್ಟು ನಾದೂ ತಾಮ್ರದ ಪರಾತದಂಥಾದ್ದೊಂದು ಮುಗಿಲಿನ್ಯಾಗ ಅಲುಗದಂಗ ನಿಂತಿತ್ತು. ಅದನ್ನ ಕಪ್ತಾನಗ ಹೇಳಿದ್ದೇ ತಪ್ಪಾತು; ಆಂವ ಸರಕಾರಕ್ಕ ಬರದು ಹಾಕಿದ. ನಾ ರಜಾಕ್ಕ ನಮ್ಮೂರು ಬಿಜ್ಜರಗಿಗೆ ಬಂದ್ರ, ಹಿಂದಿಂದನ ವಿಜಾಪುರದ ಫೌಜದಾರ ತನಿಖೆ ಮಾಡಾಕ ಮನಿಗೇ ಬಂದ.

"ಪಂಚನಾಮೆ ಆಗದ ತನಿಖೆ ಮುಗಿಯಂಗಿಲ್ಲ" ಅಂತ ಊರ ಐದು ಮಂದಿ ಹಿರ್ಯಾರನ್ನ ಕರೆಸಿ, ನಮ್ಮ ಅಂಗಳದಾಗ ನಿಲ್ಲಿಸಿ ಮುಗಿಲು ನೋಡಾಕ ಹಚ್ಚಿದ.

"ಏನರ ಕಾಣಸ್ತದೇನು?"

"ಏನೂ ಇಲ್ರಿ, ಸಾಹೇಬ್ರ."

ಎಲ್ಲಾರಕಿಂತ ಮೊದಲು ಹೆಬ್ಬೆಟ್ಟು ಒತ್ತಿದಾಂವ ನಮ್ಮ ಕಾಕಾನ.

"ಸುಳ್ಳ ಹೇಳ್ತಿಯೇನಲೇ?" ಅಂತ ಫೌಜದಾರ ನನ್ನ ಕಡೆ ತಿರುಗಿದ.

ನನಗ ಮೈಯೆಲ್ಲಾ ಉರೀತು. "ಇಲ್ಲಿ ಸಮುದ್ರನೂ ಕಾಣವಲ್ದು, ಅದನ್ನೂ ಬರಕೋರಿ" ಅಂದೆ.

ಆ ಪುಣ್ಯಾತ್ಮ ಅದನ್ನೂ ಬರಕೊಂಡ.