ಗೋಡೆಯ ಮೇಲಿನ ನಾಲ್ಕು ಅಂಕಿ

ನಮ್ಮ ಬಮ್ಮಿಗಟ್ಟಿಯ ಮನೆಗಳಲ್ಲಿ ಕಾಗದ ಕಳೆದುಹೋಗುತ್ತದೆ, ಗೋಡೆ ಕಳೆಯುವುದಿಲ್ಲ. ಆದ್ದರಿಂದ ದನದ ಡಾಕ್ಟರು, ಲೈನ್‌ಮನ್, ಗ್ಯಾಸಿನವನು, ಮಗಳ ಮನೆ, ಎಲ್ಲರ ನಂಬರೂ ಒಲೆಯ ಬಾಜೂ ಗೋಡೆಯ ಮೇಲೆ ಇದ್ದಿಲಿನಲ್ಲಿ ಇರುತ್ತವೆ. ಸುಣ್ಣ ಹಚ್ಚುವವನಿಗೂ ಅಷ್ಟು ಜಾಗ ಬಿಟ್ಟು ಹಚ್ಚು ಎಂದು ತಾಕೀತು ಮಾಡಬೇಕು. ನಾನು ಕಲಿತದ್ದು ಮೂರನೆಯ ಇಯತ್ತೆ. ಅಂಕಿ ಬರೆಯಬಲ್ಲೆ, ನೆನಪಿಡಲಾರೆ. ಮೊಬೈಲಿನಿಂದ ಹಣ ಕಳಿಸುವಾಗ ಒತ್ತುವ ಗುಟ್ಟಿನ ನಾಲ್ಕು ಅಂಕಿಯನ್ನೂ ಅಲ್ಲೇ, ಲೈನ್‌ಮನ್ನನ ಕೆಳಗೆ ಬರೆದುಕೊಂಡಿದ್ದೆ. ನಗಬೇಡಿ. ನಿಮ್ಮದು ಎಲ್ಲಿದೆ ಎಂದು ನಾನೇನು ಕೇಳಿದೆನೆ?

ಆ ಖಾತೆಯಲ್ಲಿ ನನ್ನ ಹಲ್ಲುಗಳಿದ್ದವು. ಎಮ್ಮೆಯ ಹಾಲು ಮಾರಿ ಎರಡು ವರ್ಷ ಕೂಡಿಸಿದ ದುಡ್ಡು, ಹುಬ್ಬಳ್ಳಿಯಲ್ಲಿ ಹಲ್ಲಿನ ಸೆಟ್ ಮಾಡಿಸಲೆಂದು. ಗರಿಗರಿ ಒಣಗಿಸಿದ ಕಟಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುವುದು ಊಟವಲ್ಲ, ಔಷಧ.

ಮಗಳ ಮಗಳು ಗಿರಿಜಾ ಹುಬ್ಬಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಹೋದ ಚಳಿಗಾಲದಲ್ಲಿ ಅಲ್ಲೊಂದು ಹ್ಯಾಕರ್‌ಗಳ ಸಮ್ಮೇಳನ, ಅಂದರೆ ಮಂದಿಯ ಫೋನು, ಕಂಪ್ಯೂಟರಿನ ಬೀಗ ತೆಗೆಯಬಲ್ಲವರ ಕೂಟ. ಅವಳದು ಭಾಷಣ, ಅವಳ ಐದು ತಿಂಗಳ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ನನ್ನ ಕೆಲಸ.

"ಆಯಿ, ಫೋನ್ ತರಬ್ಯಾಡ, ಮನ್ಯಾಗ ಇಟ್ಟ ಬಾ. ಕಾರ್ಡೂ ಬ್ಯಾಡ. ಬಸ್ಸಿಗೆ, ಚಾಕ್ಕ ಆಗೂವಷ್ಟ ರೊಕ್ಕ ಸಾಕು," ಎಂದಳು.

"ಕಳ್ಳರ ಸಂತಿಗೆ ಕರಕೊಂಡ ಹೊಂಟೀಯೇನ?"

"ಕಳ್ಳರಲ್ಲ ಆಯಿ, ಕಲಿಯಾಕ ಬಂದವರು. ಆದ್ರ ಅವರ ಕೈ ಸುಮ್ಮನಿರೂದಿಲ್ಲ."

ಸರಿ, ಫೋನನ್ನು ಸಣ್ಣ ಮಗ ಈರಪ್ಪನ ಕೈಗೆ ಕೊಟ್ಟು, ಜೋಪಾನ ಎಂದು ಹೇಳಿ ಬಸ್ಸು ಹತ್ತಿದೆ. ಅದಕ್ಕೆ ಬೇರೆ ಬೀಗವಿರಲಿಲ್ಲ. ತೆರೆಯಲು ಬಾರದೆ ನಾನೇ ತೆಗೆಸಿದ್ದೆ.

ತಂತಿಯಿಂದಲೂ ಗುಟ್ಟು ಸೋರುತ್ತದೆಂದು ಅಲ್ಲಿ ಯಾರೂ ಕಂಡ ಕಂಡಲ್ಲಿ ಚಾರ್ಜರ್ ಚುಚ್ಚುತ್ತಿರಲಿಲ್ಲ. ಎದುರಿನ ದೊಡ್ಡ ಪರದೆಯ ಮೇಲೆ ಅರ್ಧಂಬರ್ಧ ಹೆಸರು, ಅಂಕಿ ಮೂಡುತ್ತಿದ್ದವು. ಏನದು ಎಂದು ಗಿರಿಜಾಳನ್ನು ಕೇಳಿದೆ.

"ಎಚ್ಚರ ತಪ್ಪಿ ಸಿಕ್ಕೊಂಡವರ ಪಾಸ್‌ವರ್ಡ್ ಅದು. ನಾಚಿಕಿ ಬರ್ಲಿ ಅಂತ ಎಲ್ಲಾರ ಮುಂದ ಹಾಕ್ತಾರ."

ನನಗೆ ನಗು ಬಂತು, ಆಮೇಲೆ ಒಲೆಯ ಬಾಜೂ ಗೋಡೆ ನೆನಪಾಯಿತು. ಅವರ ಗುಟ್ಟನ್ನು ಪರರು ಹಿಡಿದು ಪರದೆಗೆ ಹಾಕಬೇಕಾಯಿತು. ನಾನು ಆ ತೊಂದರೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಕುರ್ಚಿಯ ಮೇಲೆ ನಾನು ಮರೆತ ಎಲೆಅಡಿಕೆಯ ಸಂಚಿಯನ್ನು, ಕಿವಿಗೆ ರಿಂಗು ಹಾಕಿದ ಗಡ್ಡದವನೊಬ್ಬ ಬಾಗಿಲತನಕ ಬಂದು ಕೊಟ್ಟ. ಒಳಗಿನ ದುಡ್ಡು ಇದ್ದಂತೆಯೇ ಇತ್ತು.

ಮರುವಾರ ಗಿರಿಜಾ ನನ್ನನ್ನು ಹಲ್ಲಿನ ಡಾಕ್ಟರಲ್ಲಿಗೆ ಕರೆದೊಯ್ದಳು. ಅಚ್ಚು ತೆಗೆದರು. ಹಣ ಕೊಡಲು ನೋಡಿದರೆ ಖಾತೆ ಬರಿದು. ಗಿರಿಜಾ ಫೋನನ್ನು ಮೇಲೆ ಕೆಳಗೆ ಸರಿಸಿ, ಮುಖ ತಗ್ಗಿಸಿ ಹೇಳಿದಳು: "ಆಯಿ, ಸಮ್ಮೇಳನದ ದಿನಾನ ಹೋಗೇತಿ. ಈರಪ್ಪ ಮಾಮಾನ ಖಾತೆಕ್ಕ."

ಮನೆಗೆ ಬಂದು ಕೇಳಿದೆ. ಈರಪ್ಪ ಹೊಸ ಟಾಯರ್ ಹಾಕಿಸಿದ ಬೈಕು ಒರೆಸುತ್ತಿದ್ದ.

"ಕದ್ದಿಲ್ಲಬೇ ಯವ್ವಾ. ನಮ್ಮ ಮನಿ ಗ್ವಾಡಿ ಮ್ಯಾಲ ಬರದಿತ್ತು, ಒತ್ತಿದೆ."

"ನನ್ನ ಹಲ್ಲಿನ ರೊಕ್ಕಲೇ ಅದು."

"ಈ ವಯಸ್ಸಿನ್ಯಾಗ ನಿನಗ ಹಲ್ಲ್ಯಾಕ ಬೇಕ?"

ಗಿರಿಜಾಳ ಎಚ್ಚರಿಕೆಗಳಲ್ಲಿ ಮನೆಯ ಮಾತೇ ಇರಲಿಲ್ಲ. ಅವಳದೇನು ತಪ್ಪು? ನಾವು ಅಗಳಿ ಹಾಕುವುದೇ ಹೊರಗಿನವರಿಗೆಂದು, ಆಮೇಲೆ ಒಳಗಿರುವವರ ಜೊತೆ ನಿಶ್ಚಿಂತೆಯಿಂದ ಮಲಗುತ್ತೇವೆ. ಓಣಿಯ ಹೆಂಗಸರು, ಹೊಟ್ಟೆಯಲ್ಲಿ ಹುಟ್ಟಿದವನು, ಹೊಟ್ಟೆಗೆ ಹಾಕಿಕೋ ಎಂದರು. ಆ ಹೊಟ್ಟೆಗೆ ರೊಟ್ಟಿ ಅಗಿದು ಕಳಿಸುವವರು ಯಾರು ಎಂದು ಒಬ್ಬಳೂ ಕೇಳಲಿಲ್ಲ.

ಕಲಘಟಗಿಯ ಬ್ಯಾಂಕಿಗೆ ಹೋದೆ. ದೂರಿನ ಕಾಗದ ಕೊಟ್ಟ ಸಾಹೇಬರು ದನಿ ತಗ್ಗಿಸಿದರು.

"ಅಮ್ಮಾರ, ಯಾರೋ ಗೊತ್ತಿಲ್ಲದವರು ಅಂತ ಬರೀರಿ. ಮಗನ ಹೆಸರ ಹಾಕಿದ್ರ ನಾಳಿ ಪೊಲೀಸರು ಮನಿಗೆ ಬರ್ತಾರ."

"ಗೊತ್ತಿಲ್ಲದವರು ನನ್ನ ರೊಕ್ಕ ಮುಟ್ಟಿಲ್ಲರೀ. ಇಡೀ ದಿನ ಅವರ ನಡುವ ಕುಂತ ಬಂದೇನಿ. ಪೆನ್ ಕೊಡ್ರಿ."

ಒತ್ತಕ್ಷರಕ್ಕೆ ತಡವರಿಸಿ, ಹೊಡೆದುಹಾಕಿ, ಈರಪ್ಪ ಎಂದು ಬರೆದೆ. ಅದರ ಮುಂದೆ, ನಿಮಗೆ ಏನಾಗಬೇಕು ಎಂಬ ಖಾನೆಯಿತ್ತು. ಮಗ ಎಂದು ಬರೆದೆ. ಎರಡೇ ಅಕ್ಷರ, ಬೇಗ ಮುಗಿಯಿತು.