ಟೂಕನ್ ನೋಡಲು ಇಬ್ಬರೂ ಹೋಗಬೇಕಿತ್ತು

ಹಕ್ಕಿ ನೋಡುವುದನ್ನು ಅವಳಿಗೆ ಕಲಿಸಿದವಳು ನಾನು. ನಾವೇ ಹೇಳಿಕೊಳ್ಳಬಾರದು ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಹೇಳುತ್ತೇನೆ, ಹೊಟ್ಟೆ ಉರಿಯುತ್ತಿದೆ.

ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಇಬ್ಬರದೂ ಒಂದೇ ಆಫೀಸು. ಅವಳು ಮೈಸೂರಿನವಳು, ನಾನು ಉಡುಪಿ ಕಡೆಯವಳು. ಕಾಗೆ ಬಿಟ್ಟರೆ ಬೇರೆ ಹಕ್ಕಿಯ ಗುರುತಿಲ್ಲದ ಅವಳನ್ನು ಶನಿವಾರಗಳಂದು ಕಾರಿನಲ್ಲಿ ಕೂರಿಸಿಕೊಂಡು ಕೆರೆಕೆರೆ ಸುತ್ತಿಸಿದೆ. ಒಮ್ಮೆ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿಗೂ ಹೋದೆವು. ಕ್ಯಾಸೊವರಿ ಎಂಬ ಆಳೆತ್ತರದ, ಹಾರಲಾರದ ಹಕ್ಕಿಯನ್ನು ಹುಡುಕುತ್ತ ಅಲ್ಲಿನ ಜಿಗಣೆಗಳಿಗೆ ಧಾರಾಳವಾಗಿ ರಕ್ತದಾನ ಮಾಡಿದೆವು.

"ಹಕ್ಕಿ ಹುಡುಕಬೇಡ ಮಾರಾಯ್ತಿ, ಎಲೆ ಅಲ್ಲಾಡುವುದು ನೋಡು. ಒಂದು ಕಂಡಿತು ಅಂತ ಕುಣಿಯಬೇಡ, ಜೋಡಿ ಅಲ್ಲೇ ಎಲ್ಲೋ ಇರ್ತದೆ" ಎಂದು ನಾನು ಪಾಠ ಹೇಳುವುದು, ಅವಳು ತಲೆಯಾಡಿಸುವುದು. ಕೊನೆಗೂ ಕ್ಯಾಸೊವರಿ ಕಂಡ ದಿನ ನನ್ನ ಕೈ ಹಿಡಿದು, "ನೆಕ್ಸ್ಟು ಟೂಕನ್ ಕಣೇ. ಕೋಸ್ಟರಿಕಾ. ಇಬ್ರೂ ಒಟ್ಟಿಗೇ" ಎಂದವಳೂ ಅವಳೇ.

"ನಮ್ಮ ಮಂಗಟ್ಟೆ ಹಕ್ಕಿಯ ಹಾಗೇ ಉಂಟಲ್ಲ, ಅದಕ್ಕೆ ಅಷ್ಟು ದೂರ ಹೋಗಬೇಕಾ?" ಎಂದು ನನ್ನ ಗಂಡ ನಕ್ಕರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಅವಳ ಸಂಸಾರ ಸಿಡ್ನಿಗೆ ಹೋಯಿತು. ಆದರೂ ಫೋನಿನಲ್ಲೇ ಎಲ್ಲ ತಯಾರಿ ನಡೆಯಿತು. ಯಾವ ಕಾಡು, ಯಾವ ತಿಂಗಳು, ಎಲ್ಲಿ ಉಳಿಯುವುದು, ಎಲ್ಲವನ್ನೂ ಹುಡುಕಿದವಳು ನಾನು. ಹೊರಡುವ ಹೊತ್ತಿಗೆ ಗಂಡನಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು. ನಾನು ಟಿಕೆಟ್ ಕ್ಯಾನ್ಸಲ್ ಮಾಡಿದೆ.

"ನೀನಿಲ್ದೆ ನಾನೂ ಹೋಗಲ್ಲ. ನಂದೂ ಕ್ಯಾನ್ಸಲ್ ಮಾಡ್ಬಿಟ್ಟೆ" ಎಂದಳು ಅವಳು. ನನಗೆ ಕಣ್ಣು ತುಂಬಿ ಬಂತು.

ಆಮೇಲೂ ಟೂಕನ್ ಮಾತು ನಿಲ್ಲಲಿಲ್ಲ. ಒಂದು ದಿನ ಫೋನ್ ಮಾಡಿ, "ಅದರ ಕೂಗು ಹೇಗಿರುತ್ತೇ?" ಎಂದು ಕೇಳಿದಳು. ಟಾರ್ನೀಟ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು, ಕಪ್ಪೆಯಂತೆ ವಟಗುಟ್ಟಿ ತೋರಿಸಿದೆ. ಗಂಡ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು.

ಕಳೆದ ತಿಂಗಳು ಅವಳ ಹೊಸ ಮನೆಯ ಗೃಹಪ್ರವೇಶಕ್ಕೆ ಸಿಡ್ನಿಗೆ ಹೋದೆ. ಊಟಕ್ಕೆ ಕೂತಾಗ ಅವಳ ಮಗಳಿಗೆ, "ಮುಂದಿನ ವರ್ಷ ನಿನ್ನಮ್ಮನನ್ನು ಕರಕೊಂಡು ಹೋಗ್ತೇನೆ, ಟೂಕನ್ ನೋಡಲಿಕ್ಕೆ" ಎಂದೆ.

"ಬಟ್ ಮಮ್ ಆಲ್ರೆಡಿ ಸಾ ಇಟ್, ಆಂಟಿ. ವಿತ್ ದಿ ಆಂಟಿ ನೆಕ್ಸ್ಟ್ ಡೋರ್. ಶೀ ಹ್ಯಾಸ್ ಅ ವಿಡಿಯೋ."

ಹೋಳಿಗೆ ಬಡಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಅವಳು ಟಿಕೆಟ್ ಕ್ಯಾನ್ಸಲ್ ಮಾಡಿರಲೇ ಇಲ್ಲ. ನಾನು ಆರಿಸಿದ ಕಾಡಿಗೆ, ನಾನು ಆರಿಸಿದ ತಿಂಗಳಲ್ಲಿ, ಹಳೇ ಮನೆಯ ಪಕ್ಕದ ಮನೆಯ ಕನ್ನಡದವಳ ಜೊತೆ ಹೋಗಿ ಬಂದಿದ್ದಳು. ನನ್ನಿಂದ ಕಪ್ಪೆಯ ಕೂಗು ಕೂಗಿಸಿದ್ದು ಅದಾದ ಮೇಲೆ. ಹೋದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು.

ಊಟವಾದ ಮೇಲೆ ನನ್ನನ್ನು ರೂಮಿಗೆ ಕರೆದುಕೊಂಡು ಹೋದಳು. "ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣೇ. ಆಮೇಲಾಮೇಲೆ ಹೇಳಕ್ಕೇ ಆಗ್ಲಿಲ್ಲ" ಎಂದು ಅತ್ತಳು. ಮತ್ತೆ ತಾನಾಗಿಯೇ ಫೋನ್ ತೆಗೆದು ವಿಡಿಯೋ ಹಾಕಿ ನನ್ನ ಕೈಗೆ ಕೊಟ್ಟಳು. ನೋಡಬಾರದು ಎಂದುಕೊಂಡೆ. ನೋಡಿದೆ.

ಹಸಿರು ಕತ್ತಲೆ. "ಹಕ್ಕಿ ಹುಡುಕ್ಬೇಡ ಕಣೇ, ಎಲೆ ಅಲ್ಲಾಡೋದು ನೋಡು" ಎಂದು ಅವಳು ಪಕ್ಕದ ಮನೆಯವಳಿಗೆ ಪಿಸುಗುಡುವುದು ಕೇಳಿಸಿತು. ಕೊಂಬೆಯ ಮೇಲೆ ಟೂಕನ್ ಬಂದು ಕೂತಿತು. ಮೈಗಿಂತ ಕೊಕ್ಕೇ ಎದ್ದು ಕಾಣುವ, ಹಳದಿ ಎದೆಯ ಹಕ್ಕಿ. ಇಬ್ಬರೂ ಕುಣಿದಾಡಿದರು, ವಿಡಿಯೋ ಅಲುಗಾಡಿತು. ಆ ಅಲುಗಾಟದ ನಡುವೆ, ಎಡಗಡೆ ಕೆಳಗಿನ ಕೊಂಬೆಯಲ್ಲಿ ಒಂದು ಎಲೆ ಆಡಿತು. ಎಲೆಯ ಹಿಂದಿನಿಂದ ಇನ್ನೊಂದು ಕೊಕ್ಕು ಹೊರಗೆ ಬಂದು ಒಳಗೆ ಹೋಯಿತು.

ಅವಳು ಕಣ್ಣೊರೆಸಿಕೊಂಡು, "ಒಂದೇ ಸಿಕ್ಕಿದ್ದು. ಎಷ್ಟು ಸಲ ನೋಡಿದ್ರೂ ಜೋಡಿ ಕಾಣ್ಲಿಲ್ಲ. ನಿಂಗೇನಾದ್ರೂ ಕಾಣಿಸ್ತಾ?" ಎಂದು ಕೇಳಿದಳು.

"ಇಲ್ಲ" ಎಂದು ಫೋನ್ ಅವಳ ಕೈಗೆ ಕೊಟ್ಟೆ.