ಅಷ್ಟಮಿಯ ದಿನ ಮುಟ್ಟದ ಕೈ

ಬೆಳಕು ಹರಿಯುವ ಮೊದಲೇ ತಾರವ್ವ ಸಗಣಿ ಬಳಿಯಬೇಕು, ಟ್ಯಾಂಕರ್ ನಿಲ್ಲುವಲ್ಲಿ ಕೊಡಗಳನ್ನು ಸಾಲಿಗಿಡಬೇಕು, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಬೇಕು, ಹನ್ನೆರಡು ರೊಟ್ಟಿ ಬಡಿಯಬೇಕು. ಆಮೇಲೆ ಶಾಲೆಗೆ ಹೋಗಿ, ಹಿಂದಿನ ದಿನ ಅಕ್ಕಿ ತೊಳೆದು ಎತ್ತಿಟ್ಟ ನೀರನ್ನು ಅಲ್ಲಿನ ಕೈತೋಟದ ಮಡಿಗಳಿಗೆ ಹಾಕಬೇಕು. ಸಂಬಳ ಬಿಸಿಯೂಟ ಬೇಯಿಸುವುದಕ್ಕೆ ಮಾತ್ರ. ಉಳಿದದ್ದು ಕೆಲಸವೆಂದು ಯಾರಿಗೂ ಅನಿಸಿಲ್ಲ.

ಐನಾಪುರದ ಆಚೆಯ ಆ ಊರಲ್ಲಿ ಎರಡು ವರ್ಷದಿಂದ ಮಳೆ ನೆಟ್ಟಗಿಲ್ಲ. ಶಾಲೆಯ ಅರ್ಧ ಮಕ್ಕಳು ತಪ್ಪಲ ಪಲ್ಯ, ಸೊಪ್ಪಿನ ಪಲ್ಯ ಕಾಣುವುದು ಶಾಲೆಯ ತಾಟಿನಲ್ಲೇ. ಈಗ ಅಲ್ಲೂ ಇಲ್ಲ. ಮೆಂತ್ಯ ಚಿಗುರಿದ್ದೇ ತಡ, ಯಾರೋ ಹಿಡಿ ಹಿಡಿಯಾಗಿ ಒಯ್ಯುತ್ತಿದ್ದರು.

"ತೋಟದ ಕೀಲಿ ನಿನ್ನ ಕಡೆ ಐತಿ. ಆಡು ಬಂದು ಕೀಲಿ ತಗದೈತೇನ?" ಎಂದು ಶಾಲಾ ಸಮಿತಿಯ ಅಧ್ಯಕ್ಷ ಜಿನ್ನಪ್ಪ ಎಲ್ಲರೆದುರು ಕೇಳಿದ್ದ. "ಶನಿವಾರ ಮೀಟಿಂಗಿನ್ಯಾಗ ಕಳ್ಳರ ಹೆಸರ ಹೇಳು. ಇಲ್ಲಾಂದ್ರ ಬ್ಯಾರೆ ಅಡಗಿಯಾಕೀನ್ನ ನೋಡತೇವಿ."

ಆಡು ಬುಡಸಮೇತ ಮೇಯುತ್ತದೆ. ಇಲ್ಲಿ ಮತ್ತೆ ಚಿಗುರಲೆಂದು ಗಣ್ಣು ಬಿಟ್ಟು ಉಗುರಿನಲ್ಲಿ ಚಿವುಟಿದ್ದರು. ಇದು ಒಲೆಯ ಮುಂದೆ ಕೂತವಳ ಕೈ. ಅಂದಿನಿಂದ ತಾರವ್ವ ಓಣಿಯ ಒಂದು ಹೆಂಗಸನ್ನೂ ನಂಬಲಿಲ್ಲ. ಒಗ್ಗರಣೆಯ ವಾಸನೆ ಹಿಡಿದು ಪಕ್ಕದ ಹೊಳೆವ್ವನ ಮನೆಗೂ ಹೋಗಿ ಪಲ್ಯದ ಬೋಗಾಣಿಯ ಮುಚ್ಚಳ ತೆಗೆದು ನೋಡಿದಳು.

"ಇವತ್ತ ಬೋಗಾಣ್ಯಾಗ ಮೂತಿ ಹಾಕಿದಿ," ಎಂದಳು ಹೊಳೆವ್ವ, "ನಾಳೆ ನನ್ನ ಹೊಟ್ಟಿ ಸೀಳಿ ನೋಡ ಬೇ!"

ಕಳುವಾದ ದಿನಗಳಿಗೆ ತಾರವ್ವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇದ್ದಿಲ ಗೆರೆ ಎಳೆಯುತ್ತಿದ್ದಳು. ಶುಕ್ರವಾರ ನೋಡಿದರೆ ಗೆರೆಯಿಲ್ಲದ ದಿನಗಳು ಮೂರೇ: ಎರಡು ಅಷ್ಟಮಿ, ಒಂದು ಚತುರ್ದಶಿ. ಆ ತಿಥಿಗಳಲ್ಲಿ ಹಸಿರು ಮುಟ್ಟದವರು ಜೈನರ ಮನೆಯವರು. ತೋಟದ ಹಿಂಬೇಲಿಗೆ ಹತ್ತಿದ ಜೈನರ ಮನೆ ಒಂದೇ, ಜಿನ್ನಪ್ಪನದು.

ಶನಿವಾರ ನಸುಕಿನಲ್ಲಿ ಅವಳು ನೀರಿನ ಡ್ರಮ್ಮಿನ ಮರೆಗೆ ಕೂತಳು. ಮುಳ್ಳುಬೇಲಿ ಸರಿಸಿ ಬಂದವಳು ಜಿನ್ನಪ್ಪನ ಸೊಸೆ ಮಂಗಲ, ನಾಲ್ಕು ತಿಂಗಳ ಬಾಣಂತಿ.

"ನಿಮ್ಮ ಮನ್ಯಾಗ ಏನ ಕಡಿಮಿ ಆಗೇತಿ?"

ಮಂಗಲ ಬೆಚ್ಚಿದಳು. "ಮನ್ಯಾಗ ಕಡಿಮಿಲ್ಲ ತಾರಕ್ಕ. ಬೋಗಾಣಿ ನನ್ನ ತನಕಾ ಬರೂದ್ರಾಗ ಖಾಲಿ. ಎದ್ಯಾಗ ಹಾಲ ಇಲ್ಲ. ಹೊತ್ತ ಹುಟ್ಟಿದಮ್ಯಾಲ ದನದ ಕೊಟ್ಟಿಗ್ಯಾಗ ಕುಂತು ರೊಟ್ಟಿ ಜೋಡಿ ಹಸೀ ಮೆಂತೆ ತಿಂತೇನ್ರಿ."

"ಕೇಳಾಕ ಬಾಯಿ ಇಲ್ಲೇನ?"

"ಕೇಳಿದ್ನಿ. ಬರ ಎಲ್ಲಾರಿಗೂ ಐತಿ ಅಂದ್ರು ಮಾವಾರು. ಯಾರ ಮುಂದೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ."

ಅವಳು ಹೋದ ಮೇಲೂ ತಾರವ್ವನ ಅನುಮಾನ ಹೋಗಲಿಲ್ಲ. ನಿಜವಾಗಿಯೂ ಹಾಲು ಬತ್ತಿದೆಯೋ, ಸಿಕ್ಕಿಬಿದ್ದವಳ ಮಾತೋ? ಆದರೆ ಖಾಲಿ ಬೋಗಾಣಿಯ ಮಾತಿಗೆ ಸಾಕ್ಷಿ ಬೇಕಿರಲಿಲ್ಲ. ತಾನೂ ಇಪ್ಪತ್ತು ವರ್ಷ ಬೋಗಾಣಿಯ ತಳಕ್ಕೆ ರೊಟ್ಟಿ ಒರೆಸಿ ತಿಂದವಳೇ. ಯಾರಿಗೂ ಹೇಳಿರಲಿಲ್ಲ, ಅದರಿಂದ ಬೋಗಾಣಿ ತುಂಬಿರಲೂ ಇಲ್ಲ. ಈಗ ಬಾಯಿ ಮುಚ್ಚಿದರೆ ತನ್ನ ಒಲೆ ಆರುತ್ತದೆ, ಮಕ್ಕಳಿಗೆ ಪಲ್ಯವಿಲ್ಲ, ಮಂಗಲ ನಾಳೆಯೂ ಮುಳ್ಳು ಸರಿಸಿ ಬರುತ್ತಾಳೆ. ಹೇಳಿದರೆ ಆ ಮನೆಯಲ್ಲಿ ಅವಳ ಗತಿ?

ಹತ್ತು ಗಂಟೆಗೆ ಮೀಟಿಂಗಿನ ಗಂಟೆ ಬಡಿಯಿತು. ತಾರವ್ವ ಮೊಳೆಯಿಂದ ಕ್ಯಾಲೆಂಡರ್ ಇಳಿಸಿದಳು. ಹೆಸರು ಹೇಳಬೇಕು; ಅದಕ್ಕೂ ಮೊದಲು, ಆ ಮನೆಯ ಸೊಸೆಯ ತಾಟಿಗೆ ಪಲ್ಯ ಬಿದ್ದು ಎಷ್ಟು ದಿನವಾಯಿತೆಂದು ಜಿನ್ನಪ್ಪನನ್ನೇ ಕೇಳಬೇಕು. ಕೈಗಂಟಿದ ಇದ್ದಿಲನ್ನು ಸೆರಗಿಗೆ ಒರೆಸಿಕೊಂಡು ಹೊರಟಳು.